ರಾಮಾಚಾರಿ ಊರಲ್ಲಿ ಮದುವೆ... ಯಾವ ಬಣ್ಣ ಗುರುವೇ?

ಚಿತ್ರದುರ್ಗದ ಬಸ್ ಸ್ಟ್ಯಾಂಡು. ಮಧ್ಯಾಹ್ನದ ಬಿಸಿಲು. ಹೊಳಲ್ಕೆರೆ ಕಡೆಯಿಂದ ಬಂದ ಬಸ್ಸು ಧೂಳೆಬ್ಬಿಸಿ ನಿಂತಿತು. ಇಳಿದವನು ನಮ್ಮ ಗೆಳೆಯ. ಕೂತು ಟೀ ಹೇಳೋದಕ್ಕೂ ಮುಂಚೆ ಅಂಗಿ ಜೇಬಿಗೆ ಕೈ ಹಾಕಿ ನಾಲ್ಕೈದು ಬಟ್ಟೆ ಚೂರು ತೆಗೆದು ಮೇಜಿನ ಮೇಲೆ ಹರಡಿದ.

‘‘ಯಾವ್ದು ಚೆನ್ನಾಗೈತೆ ಹೇಳು.’’

‘‘ಏನಲೇ ಇದು, ಟೈಲರ್ ಅಂಗಡಿ ಇಟ್ಟಿದ್ದೀಯಾ?’’

‘‘ಅಲ್ಲ ಕಣೋ, ಥೀಮ್ ಕಲರ್. ನನ್ ಮದ್ವೇದು!’’

ಓದುಗ ಮಿತ್ರರೇ, ಹೆಸರು ಬರೆದರೆ ಮದುವೆ ಊಟ ಹಾಕೋದಿಲ್ಲ ಅಂತ ಅವನು ಮೊದಲೇ ಹೆದರಿಸಿದ್ದಾನೆ. ಆದ್ದರಿಂದ ಇಲ್ಲಿ ಅವನ ಹೆಸರು ಬರೀ ‘ಮದುಮಗ’. ಊರು ಹೊಳಲ್ಕೆರೆ ಕಡೆ, ಮನೇಲಿ ಸ್ವಲ್ಪ ಅಡಿಕೆ ತೋಟ. ಹುಡುಗಿ ಹೊಸದುರ್ಗದವಳು. ಛತ್ರ ಚಿತ್ರದುರ್ಗದಲ್ಲಿ. ಮದುವೆಗೆ ಮುಂಚಿನ ಫೋಟೋ ಶೂಟಿಂಗು ಒಂದು ದಿನ ಕೋಟೆಯಲ್ಲಿ, ಒಂದು ದಿನ ಹಿರಿಯೂರಿನ ವಾಣಿವಿಲಾಸ ಸಾಗರದ ಹತ್ತಿರ. ನಾಲ್ಕು ತಾಲ್ಲೂಕು ಸುತ್ತುವ ಮದುವೆ. ನಮ್ಮ ಹೀರೋಗಳಿಗೂ ಇಷ್ಟು ಔಟ್‌ಡೋರ್ ಸಿಗಲ್ಲ ಬಿಡಿ!

ಬಟ್ಟೆ ಚೂರುಗಳನ್ನು ನೋಡಿದೆ. ಎಲ್ಲಾ ತೊಳೆದು ತೊಳೆದು ಬಣ್ಣ ಬಿಟ್ಟಂತಹವು. ನಸುಗುಲಾಬಿ, ಬೂದಿ, ಕೆನೆಬಿಳುಪು. ಕೊನೆಗೆ ಅವನೇ ನಸುಗುಲಾಬಿ ಮೇಲೆ ಬೆರಳಿಟ್ಟ.

ಇದು ಎಲ್ಲಿಂದ ಬಂತು ಅಂತ ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. 2017ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ಅನುಷ್ಕಾ ಶರ್ಮಾ - ವಿರಾಟ್ ಕೊಹ್ಲಿ ಮದುವೆ ಆಯ್ತಲ್ಲ, ಆಗ ಅನುಷ್ಕಾ ಉಟ್ಟಿದ್ದು ನಸುಗುಲಾಬಿ ಲೆಹಂಗಾ. ಕೆಂಪು ಬಿಟ್ಟು ತೆಳುಬಣ್ಣ ಉಟ್ಟ ಮದುಮಗಳನ್ನು ನೋಡಿ ದೇಶವೆಲ್ಲ ಬೆರಗಾಯಿತು. ಆ ಬೆರಗು ಬೆಂಗಳೂರಿಗೆ ಬಂತು, ದಾವಣಗೆರೆಗೆ ಬಂತು, ಈಗ ಹೊಳಲ್ಕೆರೆ ಬಸ್ಸು ಹತ್ತಿ ನನ್ನ ಟೀ ಲೋಟದ ಪಕ್ಕ ಬಂದು ಕೂತಿದೆ. ದೊಡ್ಡವರ ಮದುವೆಯಿಂದ ಬಣ್ಣ ಎರವಲು ತರೋದು ಹೊಸದೇನಲ್ಲ ಸ್ವಾಮೀ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರಲ್ಲಿ ಬಿಳಿ ಗೌನು ತೊಟ್ಟು ಮದುವೆಯಾದಳು. ಅವಳನ್ನು ನೋಡಿಯೇ ಬಿಳಿ ಗೌನಿನ ಹುಚ್ಚು ಅರ್ಧ ಜಗತ್ತಿಗೆ ಹಬ್ಬಿತು.

‘‘ಇದಕ್ಕೆ ಹೊಂದೋ ಹಂಗೆ ನಮ್ ಕಡೆ ಹೆಣ್ಣುಮಕ್ಕಳಿಗೆಲ್ಲ ಒಂದೇ ಸೀರೆ. 32 ಸೀರೆಗೆ ಅಡ್ವಾನ್ಸ್ ಕೊಟ್ಟಿದ್ದೀನಿ’’ ಅಂದ ಮದುಮಗ.

‘‘ದುಡ್ಡು?’’

‘‘ಅಡಿಕೆ ಮೇಲೆ ಸಾಲ.’’

‘‘ಹುಡುಗಿ ಏನಂದ್ಲು?’’

ಟೀ ಕುಡಿದ. ಉತ್ತರ ಬರಲಿಲ್ಲ.

ಕಪ್ಪು ಬಿಳುಪಿನ ಗುಟ್ಟು

ಅವನ ಕಥೆ ಅಲ್ಲೇ ನಿಲ್ಲಿಸಿ, ನಮ್ಮ ಕಥೆಗೆ ಬರೋಣ. ಸಿನಿಮಾ ನೋಡಿ ಮದುವೆಗೆ ಬಣ್ಣ ಆರಿಸುತ್ತೇನೆ ಅನ್ನೋರು ಸಿನಿಮಾದವರು ಬಣ್ಣವನ್ನು ಹೇಗೆ ಆರಿಸುತ್ತಾರೆ ಅನ್ನೋದನ್ನಾದರೂ ತಿಳಿದಿರಬೇಕಲ್ಲ!

ಕನ್ನಡಕ್ಕೆ ಪೂರ್ತಿ ಬಣ್ಣದ ಮೊದಲ ಚಿತ್ರ ಬಂದಿದ್ದು 1964ರಲ್ಲಿ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’. ಅಲ್ಲಿಂದ ಮುಂದೆ ಎಲ್ಲವೂ ಬಣ್ಣವಾಯಿತು ಅಂದುಕೊಳ್ಳಬೇಡಿ. ಬಣ್ಣದ ಫಿಲ್ಮು ದುಬಾರಿ. ಪುಟ್ಟಣ್ಣನವರ ‘ಗೆಜ್ಜೆಪೂಜೆ’ (1969) ಕಪ್ಪು ಬಿಳುಪು. ಅಣ್ಣಾವ್ರ ‘ಕಸ್ತೂರಿ ನಿವಾಸ’ (1971) ಕಪ್ಪು ಬಿಳುಪು. ಅದಕ್ಕೆ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದಿದ್ದು 2014ರಲ್ಲಿ. ಅಂದರೆ ನಮ್ಮ ಅಪ್ಪ ಅಮ್ಮಂದಿರು ತೆರೆಯ ಮೇಲೆ ಕಂಡ ಎಷ್ಟೋ ಮದುಮಗಳಂದಿರ ಸೀರೆ ಯಾವ ಬಣ್ಣ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ!

ಆದರೆ ಆ ಕಾಲದವರಿಗೆ ಒಂದು ಗುಟ್ಟು ಚೆನ್ನಾಗಿ ಗೊತ್ತಿತ್ತು. ಕಪ್ಪು ಬಿಳುಪಿನಲ್ಲಿ ಕೆಂಪು ಸೀರೆ ಮತ್ತು ಹಸಿರು ಅಂಚು ಒಂದೇ ಗಾಢದ್ದಾಗಿದ್ದರೆ ಎರಡೂ ಒಂದೇ ಬೂದಿಯಾಗಿ ಕಲಸಿಹೋಗುತ್ತವೆ. ಕಣ್ಣಿಗೆ ಎದ್ದು ಕಾಣುವ ಅಂಚು ತೆರೆಯ ಮೇಲೆ ಮಾಯ! ಅದಕ್ಕೇ ಅವರು ಬಣ್ಣದ ಹೆಸರು ನೋಡುತ್ತಿರಲಿಲ್ಲ, ಯಾವುದು ತಿಳಿ, ಯಾವುದು ಗಾಢ ಅಂತ ನೋಡುತ್ತಿದ್ದರು. ಇವತ್ತೂ ನೀವು ಇದನ್ನು ಪರೀಕ್ಷೆ ಮಾಡಬಹುದು. ಅಂಗಡಿಯಲ್ಲಿ ಸೀರೆಯ ಫೋಟೋ ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳುಪು ಮಾಡಿ. ಅಂಚು ಬೇರೆ, ಮೈ ಬೇರೆ ಕಂಡರೆ ಆ ಸೀರೆ ಛತ್ರದ ಕೊನೇ ಸಾಲಿನಲ್ಲಿ ಕೂತವರಿಗೂ ಕಾಣುತ್ತೆ. ಕಲಸಿಹೋದರೆ ಹತ್ತಿರದವರಿಗೆ ಮಾತ್ರ.

ಇನ್ನೊಂದು ಗುಟ್ಟು ಬಿಳಿಯದು. ಹಾಲಿನಂಥ ಬಿಳಿ ಅಂಗಿಯನ್ನು ಕ್ಯಾಮೆರಾ ಮುಂದೆ ತಂದರೆ ದೀಪದ ಬೆಳಕಿಗೆ ಅದು ಕಣ್ಣು ಕುಕ್ಕುತ್ತೆ, ಪಕ್ಕದ ಮುಖ ಕಪ್ಪಿಡುತ್ತೆ. ಹಾಗಾಗಿ ಸಿನಿಮಾ ವಸ್ತ್ರದವರು ಬಿಳಿ ಬಟ್ಟೆಯನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆಯುತ್ತಾರೆ! ಜಗತ್ತಿನ ಎಲ್ಲ ಕಡೆಯ ಸ್ಟುಡಿಯೋಗಳಲ್ಲೂ ನಡೆದು ಬಂದ ಉಪಾಯ ಇದು. ತೆರೆಯ ಮೇಲೆ ಹೀರೋ ತೊಟ್ಟ ಬೆಳ್ಳನೆ ಅಂಗಿ ನಿಜಕ್ಕೂ ಬೆಳ್ಳಗಿರೋದೇ ಇಲ್ಲ. ನೀಲಿ ಹಾಕಿ ಗಂಜಿ ಕೊಟ್ಟು ಇಸ್ತ್ರಿ ಮಾಡಿದ ಪಂಚೆ ಅಂಗಿಯಲ್ಲಿ ಮಂಟಪಕ್ಕೆ ಬಂದು, ‘‘ಫೋಟೋದಲ್ಲಿ ನನ್ ಮುಖಾನೇ ಕಾಣಲ್ವಲ್ಲೋ’’ ಅಂತ ಫೋಟೋದವನ ಮೇಲೆ ರೇಗುವ ಮದುಮಕ್ಕಳೇ, ತಪ್ಪು ಅವನದ್ದಲ್ಲ! ಕೆನೆಬಣ್ಣದ ರೇಷ್ಮೆ ಪಂಚೆ ತೆಗೆದುಕೊಳ್ಳಿ. ನಮ್ಮಂಥ ಕೃಷ್ಣಸುಂದರರಿಗೆ ಅದೇ ಲಾಯಕ್ಕು.

ಕೋಟೆಯಲ್ಲಿ ಕಳೆದುಹೋದ ಹುಡುಗಿ

ಚಿತ್ರದುರ್ಗದ ಕೋಟೆ ಅಂದಮೇಲೆ ‘ನಾಗರಹಾವು’ ಬರಲೇಬೇಕು. 1972. ತ.ರಾ.ಸು. ಅವರ ಕಾದಂಬರಿಗಳು, ಎನ್. ವೀರಾಸ್ವಾಮಿಯವರ ನಿರ್ಮಾಣ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಚಿಟ್ಟಿಬಾಬು ಅವರ ಕ್ಯಾಮೆರಾ. ರಾಮಾಚಾರಿಯಾಗಿ ವಿಷ್ಣು, ಜಲೀಲನಾಗಿ ಅಂಬರೀಶ್, ಅಲಮೇಲು ಆಗಿ ಆರತಿ, ಮಾರ್ಗರೇಟ್ ಆಗಿ ಶುಭಾ, ಚಾಮಯ್ಯ ಮೇಷ್ಟ್ರಾಗಿ ಅಶ್ವಥ್. ಒನಕೆ ಹಿಡಿದ ಓಬವ್ವನಾಗಿ ಜಯಂತಿ. ಹೇಳುತ್ತಾ ಹೋದರೆ ಈ ಪುಟ ಸಾಲದು! 2018ರಲ್ಲಿ ಹೊಸ ಬಣ್ಣ, ಹೊಸ ಶಬ್ದದೊಂದಿಗೆ ಮತ್ತೆ ಬಂದಾಗ ತಾತ ಮೊಮ್ಮಗ ಒಟ್ಟಿಗೆ ಶಿಳ್ಳೆ ಹೊಡೆದ ಚಿತ್ರ ಅದು.

ಆ ಚಿತ್ರದಲ್ಲಿ ಕಲ್ಲನ್ನು ಗಮನಿಸಿ. ಕೋಟೆಯ ಬಂಡೆ ಬೂದು ಬಣ್ಣದ್ದು. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಬೆಳ್ಳಗೆ ಕಾದ ಹಂಚು, ಸಂಜೆ ಜೇನಿನ ಬಣ್ಣ. ಅಂಥ ಬಂಡೆಯ ಮುಂದೆ ಪಾತ್ರ ನಿಲ್ಲಿಸುವವನಿಗೆ ಕಲ್ಲೇ ಪರದೆ. ಕಲ್ಲಿನ ಬಣ್ಣಕ್ಕೆ ಹತ್ತಿರ ಇರೋದನ್ನು ತೊಡಿಸಿದರೆ ಪಾತ್ರ ಕಲ್ಲಲ್ಲಿ ಕರಗಿಹೋಗುತ್ತೆ.

ನಮ್ಮ ಮದುಮಗ ಮಾಡಿದ್ದು ಅದನ್ನೇ!

ಬಾಡಿಗೆಗೆ ತಂದ ನಸುಗುಲಾಬಿ ಗೌನು. ಉದ್ದಕ್ಕೆ ಬಾಲದಂತೆ ಎಳೆದುಕೊಂಡು ಬರುವಂಥದ್ದು. ಇವನಿಗೆ ಬೂದಿ ಬಣ್ಣದ ಕೋಟು. ಸ್ಟುಡಿಯೋ ಹುಡುಗ ಹೇಳಿದ್ದು ಬೆಳಿಗ್ಗೆ ಏಳು ಗಂಟೆಗೆ. ಹೊಸದುರ್ಗದಿಂದ ಹುಡುಗಿ, ಅವಳ ತಮ್ಮ, ಅತ್ತಿಗೆ ಎಲ್ಲ ಹೊರಟು, ಬ್ಯೂಟಿ ಪಾರ್ಲರ್ ಮುಗಿಸಿ ಕೋಟೆ ಬಾಗಿಲಿಗೆ ಬಂದಾಗ ಹನ್ನೊಂದೂವರೆ. ನೆತ್ತಿಯ ಮೇಲೆ ಸೂರ್ಯ! ನಾನು ಛತ್ರಿ ಹಿಡಿಯೋ ಕೆಲಸಕ್ಕೆ ಹೋಗಿದ್ದೆ.

ಇನ್ನೊಂದು ಮಾತು. ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ದೊಡ್ಡ ಕ್ಯಾಮೆರಾ, ಲೈಟು, ಡ್ರೋನು ಹೊತ್ತುಕೊಂಡು ‘ನಮ್ಮೂರ ಕೋಟೆ’ ಅಂತ ನುಗ್ಗೋ ಹಾಗಿಲ್ಲ, ಮೊದಲೇ ಅನುಮತಿ ಬೇಕು. ಅನುಮತಿ ಇಲ್ಲದೆ ಎಲ್ಲಿ ಬೇಕಾದರಲ್ಲಿ ಶೂಟಿಂಗ್ ಇಟ್ಟರೆ ಏನಾಗುತ್ತೆ ಅಂತ ನಮ್ಮ ಜಿಲ್ಲೆಯೇ ದೇಶಕ್ಕೆ ತೋರಿಸಿದೆ. 2024ರ ಫೆಬ್ರವರಿಯಲ್ಲಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯರೊಬ್ಬರು ಆಪರೇಷನ್ ಥಿಯೇಟರ್‌ನಲ್ಲೇ ಮದುವೆಯ ಫೋಟೋ ಶೂಟಿಂಗ್ ಇಟ್ಟುಕೊಂಡು ಕೆಲಸ ಕಳೆದುಕೊಂಡರು. ಥಿಯೇಟರ್ ಅಂದರೆ ಎಲ್ಲಾ ಒಂದೇ ಅಂದುಕೊಂಡರೋ ಏನೋ!

ಸರಿ, ಶೂಟಿಂಗ್ ಶುರುವಾಯಿತು. ಬಂಡೆಗೆ ಒರಗಿ ನಿಲ್ಲಿ, ಮೆಟ್ಟಿಲು ಹತ್ತಿ, ತಿರುಗಿ ನೋಡಿ, ನಗಿ. ಒಂದು ಗಂಟೆ ಆದಮೇಲೆ ಸ್ಟುಡಿಯೋ ಹುಡುಗ ಕ್ಯಾಮೆರಾ ಹಿಂಭಾಗದ ಸಣ್ಣ ಪರದೆಯಲ್ಲಿ ಫೋಟೋ ತೋರಿಸಿದ. ಎಲ್ಲರೂ ಬಗ್ಗಿ ನೋಡಿದೆವು. ಬೆಳ್ಳಗೆ ಉರಿಯೋ ಬಂಡೆ, ಅದರ ಮುಂದೆ ಬೆಳ್ಳಗೆ ಏನೋ ಒಂದು. ಇವನ ಬೂದಿ ಕೋಟು ಕಲ್ಲಿಗೆ ಬೆಸೆದುಹೋಗಿ, ತಲೆ ಮಾತ್ರ ಗೋಡೆಗೆ ತೂಗು ಹಾಕಿದಂತಿತ್ತು.

ಹುಡುಗಿ ಬೆವರು ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೆತ್ತಗೆ ಕೇಳಿದಳು:

‘‘ಇದ್ರಾಗೆ ನಾನೆಲ್ಲಿದೀನಿ?’’

ಸ್ಟುಡಿಯೋ ಹುಡುಗ ‘‘ಎಡಿಟಿಂಗಲ್ಲಿ ಸರಿ ಮಾಡ್ತೀನಿ ಅಕ್ಕ’’ ಅಂದ. ಮದುಮಗ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಯಾವ ಊರಿಗೆ ಯಾವ ಬಣ್ಣ

ಊರಿಗೆ ಹೋಗುವ ದಾರಿಯಲ್ಲಿ ನಾನೂ ಆ ಸ್ಟುಡಿಯೋ ಹುಡುಗನೂ ಇದೇ ಮಾತಾಡಿಕೊಂಡೆವು. ಹುಡುಗ ಜಾಣ. ಅವನ ಲೆಕ್ಕ ಹೀಗಿದೆ. ಕೋಟೆಯ ಕಲ್ಲಿಗೆ ಕುಂಕುಮದ ಕೆಂಪು, ನೇರಳೆ, ಮಯೂರ ನೀಲಿ, ಗಾಢ ಅರಿಶಿನ. ಕಲ್ಲು ತಾನಾಗಿ ಹಿಂದೆ ಸರಿಯುತ್ತೆ. ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಹಸಿರು ನೆರಳು. ಅಲ್ಲಿ ಗಿಳಿಹಸಿರು ಸೀರೆ ಉಟ್ಟರೆ ಮದುಮಗಳನ್ನು ಹುಡುಕೋಕೆ ಆಳು ಬಿಡಬೇಕು. ಜೊತೆಗೆ ಎಲೆಗಳ ಮೇಲಿಂದ ಬರೋ ಬೆಳಕಿಗೆ ಮುಖವೂ ಹಸಿರು ತಿರುಗುತ್ತೆ. ಅಲ್ಲಿ ಕೆಂಪು ಅಥವಾ ಕಿತ್ತಳೆ ಬೇಕು. ಹೊಸದುರ್ಗದ ತೆಂಗಿನ ತೋಟದಲ್ಲಿ ಬೆಳಕು ಚುಕ್ಕಿ ಚುಕ್ಕಿಯಾಗಿ ಬೀಳುತ್ತೆ. ದೊಡ್ಡ ದೊಡ್ಡ ಹೂವಿನ ಸೀರೆ ಉಟ್ಟರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಕಣ್ಣು ಕಟ್ಟುತ್ತೆ. ಒಂದೇ ಬಣ್ಣದ ಮೈ ಇರೋ ಸೀರೆ ಒಳ್ಳೇದು.

ಹಿರಿಯೂರಿನ ವಾಣಿವಿಲಾಸ ಸಾಗರ ಇದೆಯಲ್ಲ, ಅದು ಮೂಲತಃ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ಕಟ್ಟಿಹಾಕಿದ ಅಣೆಕಟ್ಟು, ಮೈಸೂರು ಅರಸರ ಕಾಲದಲ್ಲಿ 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ! ಎಂಬತ್ತೊಂಬತ್ತು ವರ್ಷ ಕಾದ ನೀರು. ಅವತ್ತು ನೋಡೋಕೆ ಬಂದ ಜನವನ್ನು ಯಾವ ಸ್ಟಾರಿನ ಮೊದಲ ದಿನದ ಮೊದಲ ಆಟವೂ ಕಂಡಿಲ್ಲ. ನೀರು ತುಂಬಿದ್ದಾಗ ಅಲ್ಲಿ ಹಿನ್ನೆಲೆ ನೀಲಿ ಹಸಿರು. ನಸುಗುಲಾಬಿಗೆ ನಾಲ್ಕೂ ತಾಲ್ಲೂಕಿನಲ್ಲಿ ಒಂದು ಜಾಗ ಇದ್ದರೆ ಅದು ಇಲ್ಲೇ, ಅದೂ ಸಂಜೆ ಐದರ ಮೇಲೆ. ನಿಜ ಹೇಳಬೇಕೆಂದರೆ ಅಲ್ಲಿ ತೆಗೆದ ಎರಡು ಮೂರು ಫೋಟೋ ಚೆನ್ನಾಗಿಯೇ ಬಂದವು. ಇಲ್ಲ ಅಂದರೆ ಸುಳ್ಳಾಗುತ್ತೆ.

ಇನ್ನು ಛತ್ರ. ಇದು ಯಾರೂ ಹೇಳದ ವಿಷಯ. ಕೆಂಪು ಶಾಮಿಯಾನದ ಕೆಳಗೆ ಹಗಲು ಹೊತ್ತು ನಿಂತರೆ ಎಲ್ಲರ ಮುಖವೂ ಕೆಂಪು, ನೀಲಿ ಸೀರೆ ನೇರಳೆ, ಹಸಿರು ಸೀರೆ ಕಂದು. ಸಾವಿರಾರು ರೂಪಾಯಿ ಸುರಿದು ಆರಿಸಿದ ಬಣ್ಣವನ್ನು ಬಾಡಿಗೆ ಬಟ್ಟೆ ನುಂಗಿಹಾಕುತ್ತೆ! ಚಪ್ಪರಕ್ಕೆ ಬಿಳಿ ಅಥವಾ ಕೆನೆಬಣ್ಣದ ಬಟ್ಟೆ ಕೇಳಿ, ಮಂಟಪದ ಹಿಂದಿನ ಪರದೆ ಸೀರೆಯ ಬಣ್ಣ ಅಲ್ಲದಿರಲಿ. ಸೀರೆ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟನ್ನು ನಂಬಬೇಡಿ. ನಮ್ಮ ಅಜ್ಜಿಯರು ಸೀರೆಯನ್ನು ಅಂಗಡಿ ಬಾಗಿಲಿಗೆ ತಂದು ಬಿಸಿಲಲ್ಲಿ ತಿರುಗಿಸಿ ನೋಡುತ್ತಿದ್ದರಲ್ಲ, ಅದಕ್ಕೆ ಅಂಗಡಿಯವರು ಮುಖ ಗಂಟಿಕ್ಕುತ್ತಿದ್ದರಲ್ಲ, ಅಜ್ಜಿಯರೇ ಸರಿ! ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆ ಒಂದೊಂದು ಬೆಳಕಿಗೆ ಒಂದೊಂದು ಬಣ್ಣ ತೋರಿಸುತ್ತೆ. ನವಿಲಿನ ಕತ್ತಿನ ಬಣ್ಣ ಅಂತ ಕರೆಯೋದು ಅಂಥದ್ದನ್ನೇ.

ಜವಳಿ ತೆಗೆಯೋ ದಿನ

ಮುಖ್ಯ ವಿಷಯಕ್ಕೆ ಬರೋಣ. ಜವಳಿ ತೆಗೆಯೋ ದಿನ ಅಂದರೆ ಗಂಡಸರು ಅಂಗಡಿ ಹೊರಗೆ ಟೀ ಕುಡಿಯೋ ದಿನ. ಆದರೆ ನಮ್ಮ ಮದುಮಗ ಒಳಗೇ ಕೂತ. ಕೈಯಲ್ಲಿ ಬಟ್ಟೆ ಚೂರು! ಒಂದು ಕಡೆ ಇವನ ಅಮ್ಮ, ಚಿಕ್ಕಮ್ಮ, ಅಕ್ಕ. ಇನ್ನೊಂದು ಕಡೆ ಬೀಗರು. ಮಧ್ಯೆ ಹುಡುಗಿ.

ಧಾರೆ ಸೀರೆಯ ಬಗ್ಗೆ ಜಗಳ ಇರಲಿಲ್ಲ. ನಮ್ಮ ಕಡೆ ಹಲವು ಮನೆಗಳಲ್ಲಿ ಧಾರೆಗೆ ಬಿಳಿ ಅಥವಾ ಕೆನೆಬಣ್ಣದ ಸೀರೆ, ಕೆಂಪಂಚು. ಇವರದ್ದೂ ಹಾಗೇ. ಕೈಗೆ ಹಸಿರು ಬಳೆ, ಅದನ್ನು ಯಾವ ಥೀಮೂ ಅಲ್ಲಾಡಿಸೋ ಹಾಗಿಲ್ಲ. ಕಪ್ಪು ಮಾತ್ರ ಬೇಡವೇ ಬೇಡ ಅಂದರು ಚಿಕ್ಕಮ್ಮ. ‘‘ಚಿಕ್ಕಮ್ಮಾ, ಕರಿಮಣಿ ಯಾವ ಬಣ್ಣ?’’ ಅಂತ ನಾನು ಕೇಳಿದೆ. ನನ್ನನ್ನು ಹೊರಗೆ ಟೀ ಕುಡಿಯೋಕೆ ಕಳಿಸಿದರು.

ವಾಪಸ್ ಬಂದಾಗ ಆರತಕ್ಷತೆ ಸೀರೆಯ ಸರದಿ. ಇವನು ನಸುಗುಲಾಬಿ ಅಂತಾನೆ. ಹುಡುಗಿಯ ಅಮ್ಮ ಮೆತ್ತಗೆ, ‘‘ನಮ್ಮತ್ತೇದು ಒಂದು ಮೊಳಕಾಲ್ಮೂರು ಸೀರೆ ಐತೆ. ಇವಳಿಗೆ ಚಿಕ್ಕವಳಿದ್ದಾಗ್ಲಿಂದ ಆಸೆ’’ ಅಂದರು. ನೇರಳೆ ಹಣ್ಣಿನ ಬಣ್ಣದ ಮೈ, ಕೆಂಪು ಅಂಚು, ಅಂಚಿನುದ್ದಕ್ಕೂ ಗೋಪುರದ ಸಾಲು.

ಮೊಳಕಾಲ್ಮೂರು ನಮ್ಮದೇ ಜಿಲ್ಲೆಯದು ಮಿತ್ರರೇ, ಆಂಧ್ರದ ಗಡಿಗೆ ಒತ್ತಿಕೊಂಡಿರೋ ತಾಲ್ಲೂಕು. ಅಲ್ಲಿನ ಕೈಮಗ್ಗದ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂದರೆ ಬೇರೆ ಊರಲ್ಲಿ ನೇಯ್ದು ಆ ಹೆಸರು ಹಚ್ಚಿ ಮಾರೋ ಹಾಗಿಲ್ಲ. ಕಂಚಿ ಸೀರೆಗೆ ಸರಿಗಟ್ಟೋ ಬಟ್ಟೆ ಪಕ್ಕದಲ್ಲೇ ಇಟ್ಟುಕೊಂಡು ನಾವು ಇಟಲಿಯ ಮದುವೆ ನೋಡ್ತಾ ಕೂತಿದ್ದೇವೆ! ಬಣ್ಣಕ್ಕೂ ಕಲಾವಿದರ ಹೆಸರು ನಿಂತಿರೋದು ಇಂಥ ಮಗ್ಗದವರ ಕೈಯಲ್ಲೇ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ಸೀರೆಯ ನೀಲಿಗೆ ಕಂಚಿಯವರು ‘ಎಂ.ಎಸ್. ಬ್ಲೂ’ ಅಂತಲೇ ಹೆಸರಿಟ್ಟರು. ಇವತ್ತಿಗೂ ಅಂಗಡಿಯಲ್ಲಿ ಹಾಗೆ ಕೇಳಿದರೆ ತೆಗೆದು ತೋರಿಸುತ್ತಾರೆ.

ಆದರೆ ಮದುಮಗ ಏನಂದ ಗೊತ್ತೇ? ‘‘ಹಳೇ ಸೀರೆ ಯಾಕತ್ತೆ... ಥೀಮ್‌ಗೆ ಮ್ಯಾಚ್ ಆಗಲ್ಲ.’’

ಹುಡುಗಿ ತಲೆ ಎತ್ತಲಿಲ್ಲ. ಅಂಗಡಿಯವನು ನಸುಗುಲಾಬಿ ಸೀರೆ ಬಿಲ್ಲಿಗೆ ಕಳಿಸಿದ.

ಅಲಮೇಲುವನ್ನು ಯಾರು ಕೇಳಿದರು?

ಆವತ್ತು ರಾತ್ರಿ ಅವನನ್ನು ನನ್ನ ರೂಮಿಗೆ ಕರೆದುಕೊಂಡು ಬಂದೆ. ಬೈಯಲಿಲ್ಲ. ‘ನಾಗರಹಾವು’ ಹಾಕಿದೆ. ವಿಷ್ಣು ಫ್ಯಾನು ಅವನು. ಡಿಸೆಂಬರ್ 30 ಬಂತು ಅಂದರೆ ಇವತ್ತಿಗೂ ಹೂವಿನ ಹಾರ ಹಿಡಿದು ಹೊರಡುವ ಭಕ್ತ. ಇಪ್ಪತ್ತು ಸಲ ನೋಡಿದ್ದಾನೆ. ಮೊದಲರ್ಧ ಡೈಲಾಗು ಹೇಳಿಕೊಂಡೇ ನೋಡಿದ.

ಗುರುವಿನ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುವ ಜಾಗ ಬಂತು. ನಾವೆಲ್ಲ ಅಲ್ಲಿ ಅಳೋದು ರಾಮಾಚಾರಿಗೋಸ್ಕರ. ಎಂಥಾ ತ್ಯಾಗ, ಎಂಥಾ ಗುರುಭಕ್ತಿ! ಮೇಷ್ಟ್ರೂ ಒಳ್ಳೆಯವರೇ, ರಾಮಾಚಾರಿಯೂ ಒಳ್ಳೆಯವನೇ. ಇಬ್ಬರು ಒಳ್ಳೆಯವರು ಸೇರಿ ಒಬ್ಬ ಹುಡುಗಿಯ ಬದುಕನ್ನು ತೀರ್ಮಾನ ಮಾಡುತ್ತಾರೆ. ಅವಳಿಗೆ ಬೇರೆ ಕಡೆ ಮದುವೆಯಾಗುತ್ತೆ. ಆಮೇಲೆ ಅವಳನ್ನು ರಾಮಾಚಾರಿ ಎಲ್ಲಿ, ಯಾವ ಸ್ಥಿತಿಯಲ್ಲಿ ನೋಡುತ್ತಾನೆ ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಟ್ಟಣ್ಣ ಅದನ್ನು 1972ರಲ್ಲೇ ನಮ್ಮೂರ ಕೋಟೆಯ ಕಲ್ಲಿನ ಮೇಲೆ ನಿಂತು ಹೇಳಿ ಹೋದರು. ನಾವು ಕಲಿತಿದ್ದು ಮಾತ್ರ ರಾಮಾಚಾರಿ ನಡೆಯೋ ಸ್ಟೈಲು!

ಚಿತ್ರವನ್ನು ಅಲ್ಲೇ ನಿಲ್ಲಿಸಿದೆ.

‘‘ಅಲಮೇಲುನ ಯಾರಾದ್ರೂ ಕೇಳಿದ್ರಾ?’’

‘‘ಇಲ್ಲ.’’

‘‘ನೀನು?’’

‘‘ಲೇ, ಸೀರೆ ಬಣ್ಣಕ್ಕೂ ಇದಕ್ಕೂ ಏನಲೇ ಸಂಬಂಧ?’’ ಅಂತ ಸಿಟ್ಟಾಗಿ ಎದ್ದ. ಚಪ್ಪಲಿ ಮೆಟ್ಟಿದ. ಬಾಗಿಲ ತನಕ ಹೋದ. ಅಲ್ಲೇ ನಿಂತ. ‘‘ಕೋಟೆ ಮೇಲೆ ಅವಳೊಂದು ಮಾತು ಅಂದ್ಲಲ್ಲ...’’ ಅಂದ. ಮುಂದೆ ಹೇಳಲಿಲ್ಲ.

ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿದ. ನಾನು ಮಲಗಿದವನಂತೆ ನಟಿಸಿದೆ. ಅಶ್ವಥ್ ಅವರಷ್ಟಲ್ಲದಿದ್ದರೂ ಸುಮಾರಾಗಿಯೇ ನಟಿಸಿದೆ ಅನ್ನಿ.

‘‘ನಿನಗೆ ಯಾವ ಬಣ್ಣ ಇಷ್ಟ?’’

ಅತ್ತ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಾತು ಶುರುವಾಯಿತು ನೋಡಿ, ಒಂದೂವರೆ ಗಂಟೆ! ಇವನದ್ದು ಬರೀ ‘ಹೂಂ’. ಬೆಳಿಗ್ಗೆ ನನಗೆ ಹೇಳಿದ್ದಿಷ್ಟು. ಅವಳಿಗೆ ನಸುಗುಲಾಬಿ ಕಂಡರೆ ಆಗೋದಿಲ್ಲ. ಅವಳ ಮೈಬಣ್ಣಕ್ಕೆ ಅದು ಒಪ್ಪೋದಿಲ್ಲ ಅಂತ ಅವಳಿಗೆ ಹೈಸ್ಕೂಲಿನಿಂದಲೂ ಗೊತ್ತು. 32 ಸೀರೆಗೆ ಸಾಲ ಮಾಡಿದ್ದು ಅವಳಿಗೆ ಅದಕ್ಕಿಂತ ಹೆಚ್ಚು ಹೊಟ್ಟೆಯುರಿ, ಯಾಕೆಂದರೆ ಮದುವೆಯಾದ ಮೇಲೆ ಆ ಸಾಲ ತೀರಿಸೋದರಲ್ಲಿ ಅವಳದ್ದೂ ಪಾಲು ಇದೆ. ಮತ್ತೆ, ಅಜ್ಜಿಯ ಸೀರೆ ಬರೀ ಆಸೆಯಲ್ಲ. ಅಜ್ಜಿಗೆ ಕಣ್ಣು ಮಂಜು. ತೆಳುಬಣ್ಣ ಯಾವುದೂ ಅವರಿಗೆ ಕಾಣೋದಿಲ್ಲ. ನೇರಳೆ ಮೈ, ಕೆಂಪಂಚು ಮಾತ್ರ ದೂರದಿಂದಲೂ ಗುರುತು ಹತ್ತುತ್ತೆ. ಅದನ್ನು ಉಟ್ಟರೆ ಮಂಟಪದ ಮೇಲೆ ತನ್ನ ಮೊಮ್ಮಗಳು ಯಾರು ಅಂತ ಅಜ್ಜಿಗೆ ಗೊತ್ತಾಗುತ್ತೆ.

‘‘ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ ಕಣೋ.’’

‘‘ಏನಂದ್ಲು?’’

‘‘ನೀವು ಕೇಳ್ಲಿಲ್ಲವಲ್ಲ ಅಂದ್ಲು.’’

ಆಮೇಲಿನದ್ದು

ಸಿನಿಮಾ ಆಗಿದ್ದರೆ ಇಲ್ಲಿಗೆ ಹಾಡು ಬಂದು ಎಲ್ಲ ಸರಿಹೋಗುತ್ತಿತ್ತು. ಸರಿಹೋಗಲಿಲ್ಲ. ಅಡ್ವಾನ್ಸು ಅಂಗಡಿಯಿಂದ ವಾಪಸ್ ಬರಲಿಲ್ಲ. ಕೈಕಾಲು ಹಿಡಿದು 32 ಸೀರೆಯನ್ನು 12ಕ್ಕೆ ಇಳಿಸಿಕೊಂಡ. ಸೀರೆ ಸಿಗದ ಚಿಕ್ಕಮ್ಮ ಇವತ್ತಿಗೂ ಇವನ ಹತ್ತಿರ ಸರಿಯಾಗಿ ಮಾತಾಡೋದಿಲ್ಲ. ಇವನ ಅಮ್ಮನಿಗೆ ಹಳೇ ಸೀರೆಯಲ್ಲಿ ಸೊಸೆ ಆರತಕ್ಷತೆಗೆ ನಿಲ್ಲೋದು ಅವಮಾನ ಅನ್ನಿಸಿತು. ‘‘ಊರವರು ಏನಂತಾರೆ? ಸೀರೆ ಕೊಡಿಸೋಕೆ ಗತಿಯಿಲ್ಲ ಅಂತಾರೆ’’ ಅಂದರು. ಅದಕ್ಕೆ ಇವನು ಮೊದಲ ಸಲ ಅಮ್ಮನಿಗೆ ಎದುರು ಮಾತಾಡಿದ. ಎರಡು ದಿನ ಮನೆಯಲ್ಲಿ ಒಲೆ ಹೊಗೆಯಾಡಿತು.

ಮದುವೆಯ ದಿನ ಧಾರೆ ಬೆಳಿಗ್ಗೆ. ಬಿಳಿ ಸೀರೆ, ಕೆಂಪಂಚು, ಹಸಿರು ಬಳೆ. ಇವನಿಗೆ ಕೆನೆಬಣ್ಣದ ರೇಷ್ಮೆ ಪಂಚೆ, ಶಲ್ಯ, ಮೈಸೂರು ಪೇಟ, ಹಣೆಗೆ ಬಾಸಿಂಗ. ಚಪ್ಪರದ ಬಟ್ಟೆ ಬಿಳಿ. ಅದನ್ನು ನಾನು ಮತ್ತು ಸ್ಟುಡಿಯೋ ಹುಡುಗ ಸೇರಿ ಶಾಮಿಯಾನದವನ ಹತ್ತಿರ ಜಗಳ ಆಡಿ ಹಾಕಿಸಿದ್ದು. ಫೋಟೋಗಳನ್ನು ಈಗ ನೋಡಿದರೆ ಒಬ್ಬರ ಮುಖವೂ ಕೆಂಪಿಲ್ಲ. ಚಿಕ್ಕಮ್ಮನದ್ದು ಬಿಟ್ಟು!

ಸಂಜೆ ಆರತಕ್ಷತೆ. ಹುಡುಗಿ ಒಳಗಿನಿಂದ ಬಂದಳು. ನೇರಳೆ ಸೀರೆ. ಎಷ್ಟೋ ವರ್ಷ ಟ್ರಂಕಿನಲ್ಲಿದ್ದ ರೇಷ್ಮೆ, ಮಡಿಕೆಯ ಗೆರೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಜರಿ ಹಳೆಯದಾಗಿ ಥಳಥಳ ಅನ್ನೋದು ಬಿಟ್ಟು ಮೆತ್ತಗೆ ಹೊಳೆಯುತ್ತಿತ್ತು. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದ್ದರು. ಸುತ್ತ ನಸುಗುಲಾಬಿ ಉಟ್ಟ ಹನ್ನೆರಡು ಜನ ಓಡಾಡುತ್ತಿದ್ದರು, ಅಜ್ಜಿ ಯಾರ ಕಡೆಗೂ ತಿರುಗಲಿಲ್ಲ. ಇವಳು ಮೆಟ್ಟಿಲು ಹತ್ತಿ ನಿಂತದ್ದೇ ತಡ, ಅಜ್ಜಿ ಪಕ್ಕದವರ ಕೈ ಹಿಡಿದು ಜಗ್ಗಿ,

‘‘ನೋಡೇ, ನಮ್ಮುಡುಗಿ! ಅಂಚು ಹಂಗೇ ಐತೆ’’ ಅಂದರು.

ಸ್ಟುಡಿಯೋ ಹುಡುಗ ಮದುಮಗನ ಕಡೆ ಕೈ ಬೀಸಿದ. ‘‘ಅಣ್ಣ, ಒಂಚೂರು ಪಕ್ಕಕ್ಕೆ ನಿಲ್ಲಿ. ಅಕ್ಕಂದು ಸಿಂಗಲ್ ತಗೋತೀನಿ.’’

ನಮ್ಮ ಹೀರೋ ಪಕ್ಕಕ್ಕೆ ನಿಂತ.

ಆ ಬಟ್ಟೆ ಚೂರುಗಳು ಏನಾದವು ಅಂತೀರಾ? ನಸುಗುಲಾಬಿಯದ್ದು ನನ್ನ ಹತ್ತಿರವೇ ಇದೆ. ಬೈಕಿನ ಕನ್ನಡಿ ಒರೆಸೋಕೆ ಬಹಳ ಚೆನ್ನಾಗಿದೆ.